ಉಬ್ಬಸಕ್ಕೆ ಪಥ್ಯ, ಪುಡಿ ಮತ್ತು ಪಂಪು

ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಮಟಾದ ನಮ್ಮ ಮನೆಗೆ ಬಂದಿದ್ದ. ಐವತ್ತು ದಾಟಿದ ಮನುಷ್ಯ. ದೋಣಿಗಳ ಎಂಜಿನ್ ರಿಪೇರಿ ಮಾಡುವುದು ಅವನ ಕಸುಬು. ನಮ್ಮ ಜಗಲಿಗೆ ಇರುವುದು ನಾಲ್ಕೇ ಮೆಟ್ಟಿಲು. ಅಷ್ಟು ಹತ್ತಿ ಬಂದವನು ಕುರ್ಚಿಯ ಕೈ ಹಿಡಿದು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, "ಸರ್, ನೀವು ವಿಜ್ಞಾನ ಕಲಿಸಿದವರು. ಇದರಲ್ಲಿ ಏನಿದೆ ಅಂತ ನೋಡಿ ಹೇಳಿ" ಎಂದ.

ಡಬ್ಬಿಯ ಮೇಲೆ ಶ್ವಾಸಕೋಶದ ಬಣ್ಣದ ಚಿತ್ರ, ಸುತ್ತಲೂ ಹಸಿರು ಎಲೆಗಳು. ಒಳಗೆ ಕಂದು ಪುಡಿ. ಮೂರು ತಿಂಗಳ ಪ್ಯಾಕೇಜಿಗೆ ಆರು ಸಾವಿರ ಚಿಲ್ಲರೆ ಕೊಟ್ಟಿದ್ದನಂತೆ. ಮಾರಿದವರು ಹೇಳಿದ್ದು ಎರಡು ಮಾತು: ಒಂದು, ಇದು ರೋಗವನ್ನು ಬೇರುಸಹಿತ ಕೀಳುತ್ತದೆ, ಎರಡು, ಪಂಪು ನಿಲ್ಲಿಸದಿದ್ದರೆ ಪುಡಿ 'ಹಿಡಿಯುವುದಿಲ್ಲ'. ಅವನು ಜೂನ್ ತಿಂಗಳಲ್ಲಿ ಪಂಪು ನಿಲ್ಲಿಸಿದ. ಮೂರು ವಾರ ಏನೂ ಆಗಲಿಲ್ಲ. ಎಲ್ಲರ ಬಳಿಯೂ ಪುಡಿಯ ಗುಣಗಾನ ಮಾಡಿದ. ಜುಲೈ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಮಗ ಅವನನ್ನು ಪಕ್ಕದ ಮನೆಯವರ ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಾಗ ತುಟಿ ನೀಲಿಗಟ್ಟಿತ್ತು. ನಾಲ್ಕು ದಿನ ಆಮ್ಲಜನಕ ಕೊಟ್ಟರು. ಬದುಕಿ ಬಂದ.

ಅವನು ನನ್ನ ಬಳಿ ಬಂದದ್ದು ದೂರು ಹೇಳಲು ಎಂದುಕೊಂಡೆ. ಅಲ್ಲ. ಡಬ್ಬಿಯಲ್ಲಿ ಇನ್ನೂ ಅರ್ಧ ಪುಡಿ ಉಳಿದಿದೆ, ದುಡ್ಡು ಕೊಟ್ಟದ್ದು, ಮಳೆ ಮುಗಿದ ಮೇಲೆ ಮತ್ತೆ ಶುರುಮಾಡಬಹುದೇ ಎಂದು ಕೇಳಲು ಬಂದಿದ್ದ!

ಈ ಪುಟವನ್ನು ಓದುವ ನೀವು ಬಹುಪಾಲು ನನ್ನ ವಿದ್ಯಾರ್ಥಿಗಳು, ಇಲ್ಲವೇ ನೆಂಟರು. ನಿಮ್ಮಲ್ಲಿ ಮೂರು ನಾಲ್ಕು ಮಂದಿ ಈ ವರ್ಷ ಫೋನಿನಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ್ದೀರಿ: ಮಗುವಿಗೆ ಉಬ್ಬಸ, ಏನು ತಿನ್ನಿಸಬೇಕು, ಏನು ಬಿಡಿಸಬೇಕು, ಯಾವ ಕ್ಯಾಪ್ಸೂಲು ಒಳ್ಳೆಯದು. ನಾನು ವೈದ್ಯನಲ್ಲ. ಆದರೆ ಈ ವಿಷಯದಲ್ಲಿ ಸುಮ್ಮನಿರುವ ಹಕ್ಕು ನನಗಿಲ್ಲ. ಏಕೆಂದರೆ ಈ ವಿದ್ಯಾರ್ಥಿಗೆ ಮೊಟ್ಟಮೊದಲ ತಪ್ಪು ಸಲಹೆ ಕೊಟ್ಟವನು ಪುಡಿ ಮಾರುವವನಲ್ಲ, ನಾನೇ.

1987ರಲ್ಲಿ ನಾನು ಹೊನ್ನಾವರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಎರಡು ವರ್ಷವಾಗಿತ್ತಷ್ಟೆ; ಗೊತ್ತಿಲ್ಲದ್ದು ಯಾವುದೂ ಇಲ್ಲವೆಂಬ ವಯಸ್ಸು. ಬಿಡುವ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಇದೆಯೆಂದು ತೋರಿಸುವ ಸುಣ್ಣದ ತಿಳಿನೀರಿನ ಪ್ರಯೋಗ ನಿಮಗೆಲ್ಲ ನೆನಪಿರಬಹುದು. ಗಾಜಿನ ನಳಿಗೆಯಿಂದ ಊದಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗಬೇಕು. ಸಾಲಾಗಿ ಎಲ್ಲರೂ ಊದಿದರು. ಶರಾವತಿಯ ಅಳಿವೆಯ ಬಳಿಯಿಂದ ಬರುತ್ತಿದ್ದ ಈ ಹುಡುಗ ಊದಿದರೆ ಎರಡು ಗುಳ್ಳೆ ಎದ್ದು ನಿಂತುಬಿಟ್ಟಿತು. "ಗಂಜಿ ಕುಡಿದು ಬಂದಿಲ್ಲವೇನೋ, ಜೋರಾಗಿ ಊದು" ಎಂದೆ. ತರಗತಿ ನಕ್ಕಿತು. ಅವನ ಕುತ್ತಿಗೆಯ ನರ ಉಬ್ಬಿದ್ದವು, ಎದೆಯಿಂದ ಸಣ್ಣ ಸಿಳ್ಳಿನಂಥ ಸದ್ದು ಬರುತ್ತಿತ್ತು. ಅದು ಕೇಳಿಸಿದರೂ ನನಗೆ ಅರ್ಥವಾಗಲಿಲ್ಲ.

ಉಸಿರಾಟದ ಪಾಠ ಮಾಡುತ್ತಿದ್ದ ಮಾಸ್ತರನ ಕಣ್ಣೆದುರೇ ಉಬ್ಬಸದ ಇಡೀ ಪಾಠ ನಿಂತಿತ್ತು. ಉಬ್ಬಸದವರಿಗೆ ಗಾಳಿ ಒಳಗೆ ಎಳೆದುಕೊಳ್ಳುವುದು ಕಷ್ಟ ಎಂದು ನಾವು ತಿಳಿದಿರುತ್ತೇವೆ. ಹೆಚ್ಚು ಕಷ್ಟವಾಗುವುದು ಹೊರಗೆ ಬಿಡುವುದು. ನಮ್ಮ ಬಚ್ಚಲ ಒಲೆಯ ಊದುಗೊಳವೆಯನ್ನು ನೆನೆಯಿರಿ. ಅದರ ಒಳಗೋಡೆ ಬಾತುಕೊಂಡು, ಮೇಲೆ ಅಂಟು ಬಳಿದುಕೊಂಡು, ಹೊರಗಿನಿಂದ ಯಾರೋ ಅದನ್ನು ಮುಷ್ಟಿಯಲ್ಲಿ ಹಿಚುಕಿದಂತೆ ಆದರೆ ಹೇಗೋ ಶ್ವಾಸನಾಳಗಳಿಗೆ ಆಗುವುದು ಹಾಗೆ. ಒಳಪದರದ ಉರಿಯೂತ, ಅದರಿಂದ ಲೋಳೆ, ಸುತ್ತಲಿನ ಸ್ನಾಯುವಿನ ಬಿಗಿತ. ಇವುಗಳಲ್ಲಿ ಮೂಲ ಉರಿಯೂತವೇ. ಅದು ದಾಳಿಯಿಲ್ಲದ ದಿನಗಳಲ್ಲೂ ಒಳಗೆ ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ಪಂಪು ನಿಲ್ಲಿಸಿದ ಮೊದಲ ಮೂರು ವಾರ ಏನೂ ಆಗದಿರುವುದು ಇದೇ ಕಾರಣಕ್ಕೆ. ಪುಡಿಯ ಗುಣವೆಂದು ಅವನು ಹೊಗಳಿದ್ದು ಅದಕ್ಕೂ ಹಿಂದೆ ಸೇದಿದ್ದ ಔಷಧಿಯ ಉಳಿಕೆಯನ್ನು.

ಪ್ರಯೋಗದ ಮರುದಿನ ಅವನ ತಂದೆ ಶಾಲೆಗೆ ಬಂದರು. ಮೀನುಗಾರರು. "ಮಾಸ್ತರ್ರೇ, ಹುಡುಗನಿಗೆ ದಮ್ಮು. ಏನು ಮಾಡುವುದು ನೀವೇ ಹೇಳಿ" ಎಂದರು. ನಾನು ಹೇಳಿದೆ: ಮೀನು ಬಿಡಿಸಿ, ಮೊಟ್ಟೆ ಬಿಡಿಸಿ, ಬಾಳೆಹಣ್ಣು ಮೊಸರು ಮುಟ್ಟಿಸಬೇಡಿ. ನಾನು ಮೀನು ತಿನ್ನುವವನಲ್ಲ. ತಿನ್ನದವನಿಗೆ ತಿನ್ನುವವನ ತಟ್ಟೆಯಿಂದ ತೆಗೆದುಹಾಕುವುದು ಬಹಳ ಸುಲಭ. ಆ ಮನೆಯಲ್ಲಿ ಗಂಜಿಯ ಜೊತೆಗೆ ಇದ್ದ ಒಂದೇ ಪುಷ್ಟಿ ಬಂಗಡೆ ಅಥವಾ ತಾರ್ಲೆ. ಅದನ್ನು ಕಿತ್ತುಕೊಂಡು, ಪಥ್ಯ ಹೇಳಿದ ಸಮಾಧಾನದಲ್ಲಿ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿದೆ.

ಮುಂದಿನ ವರ್ಷ ಯಾರೋ ಹೇಳಿದರೆಂದು ತಂದೆ ಅವನನ್ನು ಹೈದರಾಬಾದಿಗೆ ಕರೆದೊಯ್ದರು. ಕೊಂಕಣ ರೈಲು ಇನ್ನೂ ಬಂದಿರದ ಕಾಲ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಮುಂದಕ್ಕೆ ರೈಲು. ಮೃಗಶಿರಾ ಕಾರ್ತಿಯಂದು, ಅಂದರೆ ಜೂನ್ ಮೊದಲರ್ಧದಲ್ಲಿ, ಅಲ್ಲಿಯ ಬತ್ತಿನಿ ಕುಟುಂಬದವರು ಹಳದಿ ಬಣ್ಣದ ಔಷಧಿಯನ್ನು ಜೀವಂತ ಮುರ್ರೆಲ್ ಮೀನಿನ ಮರಿಯ ಬಾಯಿಗೆ ತುಂಬಿ ಉಬ್ಬಸದವರಿಗೆ ನುಂಗಿಸುತ್ತಾರೆ. 1845ರಲ್ಲಿ ಒಬ್ಬ ಸಾಧು ತಮ್ಮ ಪೂರ್ವಜರಿಗೆ ಕೊಟ್ಟ ವಿದ್ಯೆ ಎಂಬುದು ಅವರ ಹೇಳಿಕೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ನಲವತ್ತೈದು ದಿನ ಪಥ್ಯ. ಮೂರು ವರ್ಷ ಸತತವಾಗಿ ಬರಬೇಕು. ಹಣ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಅದರಲ್ಲಿ ಏನಿದೆ ಎಂಬುದು ಗುಟ್ಟು, ಅದರಿಂದ ಉಬ್ಬಸ ಗುಣವಾಗುತ್ತದೆ ಎಂಬುದಕ್ಕೆ ವೈದ್ಯವಿಜ್ಞಾನ ಒಪ್ಪುವ ಪುರಾವೆ ಇಲ್ಲ. ವೈದ್ಯರು, ವಿಚಾರವಾದಿಗಳು ಪ್ರಶ್ನೆ ಎತ್ತಿದ ಮೇಲೆ 'ಮೀನಿನ ಔಷಧಿ' ಹೋಗಿ 'ಮೀನಿನ ಪ್ರಸಾದ'ವಾಯಿತು. ಕೊರೋನಾ ಕಾಲದಲ್ಲಿ ನಿಂತದ್ದು 2023ರಲ್ಲಿ ಮತ್ತೆ ಆರಂಭವಾಯಿತು.

ಊರಿಗೆ ಮರಳಿದ ತಂದೆ ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಮಾಸ್ತರ್ರೇ, ನೀವು ಸತ್ತ ಮೀನು ಬಿಡಿಸಿ ಅಂದ್ರಿ. ಅವರು ಜೀವಂತ ಮೀನನ್ನೇ ನುಂಗಿಸಿದ್ರು. ನಾನು ಯಾರ ಮಾತು ಕೇಳಬೇಕು?" ಅದರಲ್ಲಿ ಹಾಸ್ಯವಿತ್ತು, ಸಿಟ್ಟೂ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ.ಯನ್ನು ಎರಡನೆಯ ಬಾರಿಗೆ ಪಾಸು ಮಾಡಿದ. ಮೊದಲ ಬಾರಿ ಫೇಲಾದದ್ದಕ್ಕೆ ಬುದ್ಧಿ ಕಾರಣವಲ್ಲ, ಆ ವರ್ಷದ ಹಾಜರಿ ಪುಸ್ತಕ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ಪಥ್ಯದ ವಿಷಯದಲ್ಲಿ ಈಗ ನನಗೆ ತಿಳಿದಿರುವುದನ್ನು ಹೇಳುತ್ತೇನೆ. ಎಲ್ಲ ಉಬ್ಬಸದವರೂ ಬಿಡಬೇಕಾದ ಆಹಾರ ಎಂಬುದೊಂದಿಲ್ಲ. ಒಬ್ಬರಿಗೆ ಒಂದು ಪದಾರ್ಥ ನಿಜವಾಗಿ ಒಗ್ಗುವುದಿಲ್ಲ ಎಂದರೆ, ಅಂದರೆ ತಿಂದ ಸ್ವಲ್ಪ ಹೊತ್ತಿನಲ್ಲೇ ದದ್ದು, ತುಟಿ ಊತ, ಉಸಿರು ಕಟ್ಟುವುದು ಪ್ರತಿಬಾರಿಯೂ ಆಗುತ್ತದೆ ಎಂದರೆ, ಅವರು ಅದನ್ನು ಬಿಡಲೇಬೇಕು. ಸಿಗಡಿ, ಏಡಿ, ಶೇಂಗಾ ಇಂಥವುಗಳಿಗೆ ಕೆಲವರಲ್ಲಿ ಹೀಗಾಗುತ್ತದೆ. ಸಿಗಡಿ ಕಪ್ಪಾಗದಿರಲೆಂದು ಹಾಕುವ ಸಲ್ಫೈಟ್ ಎಂಬ ರಾಸಾಯನಿಕವೂ ಕೆಲವು ಉಬ್ಬಸದವರನ್ನು ಕೆರಳಿಸುತ್ತದೆ. ಒಣದ್ರಾಕ್ಷಿಯಂಥ ಒಣಹಣ್ಣುಗಳಲ್ಲೂ ಅದನ್ನು ಬಳಸುವುದುಂಟು. ಸಿಗಡಿ, ಏಡಿ ಸಂಸ್ಕರಿಸುವ ಶೆಡ್ಡುಗಳ ಆವಿಯನ್ನು ಉಸಿರಾಡಿ ಉಬ್ಬಸ ಹತ್ತಿಸಿಕೊಂಡ ಕೆಲಸಗಾರರ ಸಂಗತಿ ಹಲವು ದೇಶಗಳಲ್ಲಿ ದಾಖಲಾಗಿದೆ. ಇವೆಲ್ಲ ನಿಜ. ಆದರೆ ಇದನ್ನು ಹಿಡಿದುಕೊಂಡು ಬೆಳೆಯುವ ಮಗುವಿಗೆ ಹಾಲು, ಮೊಸರು, ಮೊಟ್ಟೆ, ಮೀನು, ಬಾಳೆಹಣ್ಣು ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು ಪಥ್ಯವಲ್ಲ, ಉಪವಾಸ.

ತಿನ್ನಬೇಕಾದದ್ದರ ವಿಷಯದಲ್ಲೂ ಹೇಳುವುದು ಅಷ್ಟೇ ಸರಳ. 2012ರಲ್ಲಿ ಆಸ್ಟ್ರೇಲಿಯದಲ್ಲಿ 137 ಮಂದಿ ಉಬ್ಬಸದ ವಯಸ್ಕರನ್ನು ಇಟ್ಟುಕೊಂಡು ಮಾಡಿದ ಪ್ರಯೋಗದ ವರದಿ ಬಂತು. ಒಂದು ಗುಂಪಿಗೆ ಹೇರಳ ತರಕಾರಿ, ಹಣ್ಣು, ಇನ್ನೊಂದಕ್ಕೆ ಕಡಿಮೆ. ಕಡಿಮೆ ತಿಂದವರಲ್ಲಿ ರೋಗ ಉಲ್ಬಣಗೊಳ್ಳುವ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಸ್ವಾರಸ್ಯವೆಂದರೆ, ಕಡಿಮೆ ತರಕಾರಿಯ ಗುಂಪಿನಲ್ಲಿ ಕೆಲವರಿಗೆ ಟೊಮೆಟೊದ ಸತ್ವವನ್ನು ಕ್ಯಾಪ್ಸೂಲಿನಲ್ಲಿ ಕೊಟ್ಟು ನೋಡಿದರೆ, ಅದರಿಂದ ಪ್ರಯೋಜನ ಕಾಣಲಿಲ್ಲ. ತರಕಾರಿಯ ಕೆಲಸ ತರಕಾರಿಯೇ ಮಾಡಬೇಕು. ನಮ್ಮ ಕಡೆ ಬಸಳೆ, ಹರಿವೆ, ನುಗ್ಗೆ, ಒಂದೆಲಗದ ತಂಬುಳಿ, ಪಪ್ಪಾಯಿ, ಪೇರಲ ಇವಕ್ಕೆ ಬರವೇ? ಬೊಜ್ಜು ಇರುವ ಉಬ್ಬಸದವರು ದೇಹತೂಕ ಇಳಿಸಿದರೆ ಉಸಿರು ಹಗುರಾಗುತ್ತದೆ ಎಂಬುದೂ ಚೆನ್ನಾಗಿ ಸಾಬೀತಾಗಿದೆ. ಅದಕ್ಕೆ ಯಾರೂ ಡಬ್ಬಿ ಮಾರುವುದಿಲ್ಲ.

ಬಂಗಡೆ, ತಾರ್ಲೆಯಲ್ಲಿ ಒಮೆಗಾ-3 ಎಂಬ ಕೊಬ್ಬಿನಾಂಶ ಧಾರಾಳವಾಗಿದೆ. ಅದು ಮೈಯ ಉರಿಯೂತವನ್ನು ತಗ್ಗಿಸುವ ಜಾತಿಗೆ ಸೇರಿದ್ದು. 2016ರಲ್ಲಿ ಡೆನ್ಮಾರ್ಕಿನಿಂದ ಬಂದ ಒಂದು ಅಧ್ಯಯನದಲ್ಲಿ, ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳು ಮೀನೆಣ್ಣೆ ಕೊಟ್ಟಾಗ ಅವರ ಮಕ್ಕಳಲ್ಲಿ ಸತತ ಉಬ್ಬಸ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು. ಈಗಾಗಲೇ ಉಬ್ಬಸ ಇರುವವರಿಗೆ ಮೀನೆಣ್ಣೆಯ ಕ್ಯಾಪ್ಸೂಲು ಔಷಧಿಯ ಕೆಲಸ ಮಾಡುತ್ತದೆ ಎಂಬುದಕ್ಕೆ ಅಂಥ ಗಟ್ಟಿ ಆಧಾರವಿಲ್ಲ. ಆದರೂ ಈ ಅಂಕಿ ಓದಿದ ದಿನ ನನಗೆ ಆ ಮೀನುಗಾರ ತಂದೆಯ ಮುಖ ನೆನಪಾಗಿ ಸಂಕಟವಾಯಿತು.

ಇನ್ನು ಪುಡಿ, ಮಾತ್ರೆ, ಕ್ಯಾಪ್ಸೂಲು. ವಿಟಮಿನ್ ಡಿ ಉಬ್ಬಸದ ದಾಳಿಯನ್ನು ತಗ್ಗಿಸುತ್ತದೆಂದು 2016ರಲ್ಲಿ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ ವಿದ್ವಾಂಸರಿಗೆ ಅನ್ನಿಸಿತ್ತು. 2023ರಲ್ಲಿ ಹೊಸ ಪ್ರಯೋಗಗಳನ್ನೂ ಸೇರಿಸಿ ನೋಡಿದಾಗ ಆ ಲಾಭ ಮಾಯವಾಯಿತು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮೂಳೆಗಾಗಿ ತೆಗೆದುಕೊಳ್ಳಿ, ಉಬ್ಬಸಕ್ಕೆಂದು ಬೇಡ. ಮೆಗ್ನೀಸಿಯಂ ವಿಷಯ ಇನ್ನೂ ವಿಚಿತ್ರ. ತೀವ್ರ ದಾಳಿಯಾದವರಿಗೆ ಆಸ್ಪತ್ರೆಯಲ್ಲಿ ಅದನ್ನು ರಕ್ತನಾಳಕ್ಕೆ ಹಾಯಿಸುವುದುಂಟು, ಅದು ಕೆಲಸ ಮಾಡುತ್ತದೆ. ಅಂಗಡಿಯವರು ಆ ಸಂಗತಿಯನ್ನು ಎತ್ತಿಕೊಂಡು ಮಾತ್ರೆ ಮಾರುತ್ತಾರೆ. ಮಾತ್ರೆ ನುಂಗಿದರೂ ಹಾಗೇ ಆಗುತ್ತದೆ ಎಂಬುದಕ್ಕೆ ಆಧಾರ ದುರ್ಬಲ.

ಕೆಲವಂತೂ ಅಪಾಯಕಾರಿ. ಜೇನುಗೂಡಿನ 'ರಾಯಲ್ ಜೆಲ್ಲಿ'ಯನ್ನು ಉಸಿರಿಗೆ ಒಳ್ಳೆಯದೆಂದು ಮಾರುವವರಿದ್ದಾರೆ. ಅದನ್ನು ತಿಂದು ಉಬ್ಬಸದವರು ಸತ್ತ ಪ್ರಸಂಗಗಳು ವರದಿಯಾದ ಮೇಲೆ ಆಸ್ಟ್ರೇಲಿಯದಲ್ಲಿ ಅದರ ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚುಹಾಕುವುದನ್ನು ಕಡ್ಡಾಯ ಮಾಡಿದರು. ಬೀಡಿ ಸೇದುವ ನೆಂಟರಿಗೆ ಇನ್ನೊಂದು ಸಂಗತಿ: ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ನನ್ನು ಮಾತ್ರೆಯಾಗಿ ಕೊಟ್ಟರೆ ಶ್ವಾಸಕೋಶ ಉಳಿದೀತೆಂದು ಫಿನ್‌ಲೆಂಡಿನಲ್ಲಿ ಇಪ್ಪತ್ತೊಂಬತ್ತು ಸಾವಿರ ಧೂಮಪಾನಿಗಳ ಮೇಲೆ ಪ್ರಯೋಗ ನಡೆಸಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು.

ಹಾಗಾದರೆ ನಮ್ಮ ಹಿತ್ತಲ ಮದ್ದೆಲ್ಲ ಸುಳ್ಳೇ ಎಂದು ಕೇಳುವಿರಿ. ಖಂಡಿತ ಅಲ್ಲ. ನಮ್ಮ ಬೇಲಿಯ ಆಡುಸೋಗೆಯಲ್ಲಿ ವ್ಯಾಸಿಸಿನ್ ಎಂಬ ಸತ್ವವಿದೆ. ಕಫ ಕರಗಿಸಲು ಇಂದು ವೈದ್ಯರು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಅದರ ಜಾಡು ಹಿಡಿದು. ದತ್ತೂರದ ಹೊಗೆ ಸೇದಿ ಉಬ್ಬಸ ಇಳಿಸಿಕೊಳ್ಳುವ ಪದ್ಧತಿಯನ್ನು ಇಂಗ್ಲಿಷರು 1802ರಲ್ಲಿ ಮದ್ರಾಸಿನಿಂದ ತಮ್ಮ ದೇಶಕ್ಕೆ ಒಯ್ದರು. ಅದೇ ಜಾತಿಯ ಸತ್ವವನ್ನು ಪಳಗಿಸಿ ಮಾಡಿದ ಔಷಧಿ ಇಂದು ಆಸ್ಪತ್ರೆಯ ನೆಬ್ಯುಲೈಸರಿನಲ್ಲಿದೆ. ಹಾಗೆಂದು ಯಾರೂ ದತ್ತೂರ ಮುಟ್ಟಬೇಡಿ, ಅದು ವಿಷ. ಪಳಗಿಸುವುದಕ್ಕೇ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕಾಫಿಯಲ್ಲಿರುವ ಕೆಫೀನ್ ಕೂಡ ಕೆಲವು ಗಂಟೆಗಳ ಕಾಲ ಶ್ವಾಸನಾಳವನ್ನು ಒಂದಿಷ್ಟು ಸಡಿಲಿಸುತ್ತದೆ. ಶುಂಠಿ, ಕಾಳುಮೆಣಸು, ದೊಡ್ಡಪತ್ರೆಯ ಕಷಾಯ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಕಷಾಯ ಮಾಡಿಕೊಟ್ಟ ನಮ್ಮ ಅಜ್ಜಿಯಂದಿರು ಎಂದೂ 'ಬೇರೆ ಔಷಧಿ ನಿಲ್ಲಿಸು, ಆಗಲೇ ಇದು ಹಿಡಿಯುತ್ತದೆ' ಎಂದವರಲ್ಲ. ಡಬ್ಬಿಯ ಪುಡಿಗೂ ಅಜ್ಜಿಯ ಕಷಾಯಕ್ಕೂ ಇರುವ ವ್ಯತ್ಯಾಸ ಅದೇ.

ಕಾನೂನೂ ಇದನ್ನು ಮುಂಗಂಡಿದೆ. 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ 'ಜೆ' ಅನುಸೂಚಿಯಲ್ಲಿ, ಯಾವ ರೋಗಗಳನ್ನು ಗುಣಪಡಿಸುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳಬಾರದು ಎಂಬ ಪಟ್ಟಿಯಿದೆ. ಉಬ್ಬಸ ಆ ಪಟ್ಟಿಯಲ್ಲಿದೆ. ಆದ್ದರಿಂದಲೇ ಡಬ್ಬಿಯ ಮೇಲೆ 'ಶುದ್ಧಿ', 'ಬಲ', 'ಆರೋಗ್ಯ' ಎಂಬ ಜಾಣ ಪದಗಳು ಮಾತ್ರ; 'ಬೇರುಸಹಿತ' ಎಂಬ ಮಾತು ಮಾರುವವನ ಬಾಯಲ್ಲಿ.

ಪಂಪಿನ ಬಗ್ಗೆ ನಮ್ಮ ಜನರಿಗಿರುವ ಭಯ ನನಗೆ ಗೊತ್ತು. ಒಮ್ಮೆ ಹಿಡಿದರೆ ಬಿಡುವುದಿಲ್ಲ, ಸ್ಟೀರಾಯ್ಡ್, ಮೂಳೆ ತಿನ್ನುತ್ತದೆ. ಭಟ್ಕಳದಲ್ಲಿ ನಾನಿದ್ದಾಗ ಹತ್ತನೆಯ ತರಗತಿಯ ಒಬ್ಬಳು ಹುಡುಗಿ ಪಂಪನ್ನು ಕಂಪಾಸು ಪೆಟ್ಟಿಗೆಯಲ್ಲಿ ಅಡಗಿಸಿಟ್ಟು ನೀರಿನ ನಲ್ಲಿಯ ಹಿಂದೆ ನಿಂತು ಸೇದುತ್ತಿದ್ದಳು. ಯಾರಾದರೂ ನೋಡಿದರೆ ಮುಂದೆ ಸಂಬಂಧ ಕೂಡಿಬರುವುದು ಕಷ್ಟ ಎಂದು ತಾಯಿ ಹೇಳಿಕೊಟ್ಟಿದ್ದರಂತೆ. ಕನ್ನಡಕ ಹಾಕಿಕೊಂಡ ಹುಡುಗಿಗೆ ಯಾರೂ ಹೀಗೆ ಹೇಳುವುದಿಲ್ಲ.

ಸ್ಟೀರಾಯ್ಡಿನ ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ, ಮಾಸ್ತರನ ಚಟ. ದಿನನಿತ್ಯ ಸೇದುವ ಪಂಪಿನಲ್ಲಿ ಬುಡೆಸೊನೈಡ್ ದಿನಕ್ಕೆ 400 ಮೈಕ್ರೋಗ್ರಾಂ ಎನ್ನಿ. ಅಂದರೆ 0.4 ಮಿಲಿಗ್ರಾಂ. ದಾಳಿ ವಿಪರೀತವಾದಾಗ ವಯಸ್ಕರಿಗೆ ನುಂಗಿಸುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂವರೆಗೆ. ತೂಕದಲ್ಲಿ ನೂರು ಪಟ್ಟು. ಎರಡೂ ಒಂದೇ ಶಕ್ತಿಯವಲ್ಲ, ನಿಜ. ಆದರೆ ಮೊದಲನೆಯದು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಎರಡನೆಯದು ಇಡೀ ಮೈಗೆ. ಪಂಪು ಬಿಟ್ಟವನು ಕೊನೆಗೆ ನುಂಗಬೇಕಾಗುವುದು ಆ ಎರಡನೆಯದನ್ನೇ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿಹುಣ್ಣಿನ ತೊಂದರೆಯೂ ಬಹಳಷ್ಟು ತಪ್ಪುತ್ತದೆ. ಇನ್ನೂ ದೊಡ್ಡ ವಿಪರ್ಯಾಸವಿದೆ: ಉಬ್ಬಸಕ್ಕೆಂದು ಗುಟ್ಟಾಗಿ ಮಾರುವ ಪುಡಿ, ಗುಳಿಗೆಗಳಲ್ಲಿ ಅದೇ ಸ್ಟೀರಾಯ್ಡನ್ನು ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಯಾವುದೋ ಪುಡಿ ಎರಡೇ ದಿನಕ್ಕೆ ಪವಾಡದಂತೆ ಕೆಲಸಮಾಡಿದರೆ ಸಂತೋಷಪಡುವ ಬದಲು ಅನುಮಾನಪಡಿ.

ಪಂಪು ಎಂದರೆ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಬಿಗಿದ ಸ್ನಾಯುವನ್ನು ಆ ಕ್ಷಣಕ್ಕೆ ಸಡಿಲಿಸುವ ಸಾಲ್ಬುಟಮಾಲ್ ಒಂದು. ಉರಿಯೂತವನ್ನು ದಿನದಿನವೂ ತಗ್ಗಿಸುವುದು ಇನ್ನೊಂದು. ಮೊದಲನೆಯದು ತಕ್ಷಣ ಹಿತ ಕೊಡುವುದರಿಂದ ಜನ ಅದನ್ನೇ ನೆಚ್ಚುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಉಬ್ಬಸದ ಚಿಕಿತ್ಸೆಗೆ ಜಗತ್ತಿಗೆಲ್ಲ ಮಾರ್ಗಸೂಚಿ ಕೊಡುವ 'ಗಿನಾ' ಸಂಸ್ಥೆ 2019ರಿಂದ ಇದನ್ನು ಸ್ಪಷ್ಟವಾಗಿ ಹೇಳುತ್ತಿದೆ: ಸಡಿಲಿಸುವ ಪಂಪೊಂದನ್ನೇ ನೆಚ್ಚಬೇಡಿ, ಉರಿಯೂತದ ಔಷಧಿ ಜೊತೆಗಿರಲೇಬೇಕು. ಚಿಕ್ಕ ಮಕ್ಕಳಿಗೆ ಸೇದುವ ಹದ ಬರುವುದಿಲ್ಲ. ಅದಕ್ಕೆ ಸ್ಪೇಸರ್ ಎಂಬ ಕೊಳವೆ ಬೇಕು. ಅದೂ ಇಲ್ಲದಾಗ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಮಾಡಿ ಪಂಪು ಸಿಕ್ಕಿಸಿ, ಸಂದನ್ನು ಭದ್ರವಾಗಿ ಮುಚ್ಚಿದರೆ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು 1999ರಲ್ಲಿ ದಕ್ಷಿಣ ಆಫ್ರಿಕದ ವೈದ್ಯರು ತೋರಿಸಿದರು. ವಿಜ್ಞಾನದ ಮಾದರಿ ಪ್ರದರ್ಶನಕ್ಕೆ ಪ್ರತಿವರ್ಷ ಜ್ವಾಲಾಮುಖಿಯನ್ನೇ ಮಾಡಿಸಿದೆನಲ್ಲ ಎಂದು ಈಗ ಪೇಚಾಡುತ್ತೇನೆ.

ಭಟ್ಕಳದಿಂದ ಕುಮಟಾದವರೆಗಿನ ನಮ್ಮ ಪಟ್ಟಿಯಲ್ಲಿ ಬಾಯಿಗೆ ಹೋಗುವುದಕ್ಕಿಂತ ಮೂಗಿಗೆ ಹೋಗುವುದರ ಕಡೆ ಗಮನ ಕೊಟ್ಟರೆ ಹೆಚ್ಚು ಲಾಭ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ, ಚಪ್ಪಲಿ, ಪುಸ್ತಕ, ಹತ್ತಿಯ ಹಾಸಿಗೆ ಎಲ್ಲಕ್ಕೂ ಬೂಸ್ಟು. ಬಟ್ಟೆ ಒಣಗಲೆಂದು ಅಡಿಗೆಮನೆಯೊಳಗೇ ಹಗ್ಗ, ಕೆಳಗೆ ಬೆಂಕಿ. ಬಚ್ಚಲ ಒಲೆಯಲ್ಲಿ ಹಸಿ ತೆಂಗಿನ ಸಿಪ್ಪೆ. ಸಂಜೆ ಸೊಳ್ಳೆಗೆ ಲೋಬಾನದ ಹೊಗೆ, ರಾತ್ರಿ ಬಾಗಿಲು ಹಾಕಿಕೊಂಡು ಸೊಳ್ಳೆಬತ್ತಿ. ಹೆದ್ದಾರಿ ಚತುಷ್ಪಥವಾಗುವ ವರ್ಷಗಳಲ್ಲಿ ತಿಂದ ಧೂಳು ಬೇರೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ಲೆಕ್ಕ ಇಟ್ಟಿದ್ದರು: 1979ರಲ್ಲಿ ಶೇಕಡಾ 9ರಷ್ಟು ಮಕ್ಕಳಲ್ಲಿದ್ದ ಉಬ್ಬಸ 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು. ಅವರು ಬೊಟ್ಟು ಮಾಡಿದ್ದು ನಗರದ ವಾಹನಗಳ ಹೊಗೆ, ಜನಸಂದಣಿಯ ಕಡೆಗೆ. ನಮ್ಮಲ್ಲಿ ಹೊಗೆ ಮನೆಯೊಳಗೇ ಇದೆ, ಅಷ್ಟೇ ಭೇದ. ಹಾಸಿಗೆಯನ್ನು ಬಿಸಿಲು ಕಂಡ ದಿನ ಒಣಹಾಕುವುದು, ತಲೆದಿಂಬಿನ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಸೊಳ್ಳೆಬತ್ತಿಯ ಬದಲು ಪರದೆ ಕಟ್ಟುವುದು ಇವಕ್ಕೆ ಆರು ಸಾವಿರ ಬೇಡ.

ನಾನಿಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಇನ್ನೊಂದು ಕಾರಣ ನಮ್ಮ ದಾರಿ. ರಾತ್ರಿ ಉಸಿರು ಕಟ್ಟಿದರೆ, ತಾಲೂಕು ಆಸ್ಪತ್ರೆಯಲ್ಲಿ ಸುಧಾರಿಸದಿದ್ದರೆ, ಮುಂದೆ ಮಣಿಪಾಲ ಅಥವಾ ಹುಬ್ಬಳ್ಳಿ. ಭಟ್ಕಳದಿಂದ ಮಣಿಪಾಲ ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರು, ಕುಮಟಾದಿಂದ ನೂರೈವತ್ತರ ಹತ್ತಿರ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಬಳಿ ಉರುಳಿ ನಾಲ್ವರು ಸತ್ತದ್ದನ್ನು, ಆಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಎದ್ದ ಕೂಗನ್ನು ನೀವು ಮರೆತಿರಲಾರಿರಿ. ನಗರದಲ್ಲಿರುವವರು ಪುಡಿಯ ಪ್ರಯೋಗ ಮಾಡಿ ಹತ್ತು ನಿಮಿಷದಲ್ಲಿ ಐಸಿಯು ಸೇರಬಹುದು. ನಮಗೆ ಆ ಚೈನಿಯಿಲ್ಲ. ಜಗತ್ತಿನ ಉಬ್ಬಸದವರಲ್ಲಿ ಸುಮಾರು ಶೇಕಡಾ 13ರಷ್ಟು ಮಂದಿ ಭಾರತದಲ್ಲಿದ್ದಾರೆ. ಉಬ್ಬಸದ ಸಾವುಗಳಲ್ಲಿ ಭಾರತದ ಪಾಲು ಶೇಕಡಾ 40ಕ್ಕೂ ಮಿಗಿಲೆಂದು ಅಂದಾಜಿದೆ. ನಮ್ಮ ರೋಗ ಬೇರೆಯಲ್ಲ. ಇರುವ ಔಷಧಿಯನ್ನು ನಾವು ತಡವಾಗಿ ಹಿಡಿಯುತ್ತೇವೆ, ಬೇಗ ಬಿಡುತ್ತೇವೆ. ಫಿನ್‌ಲೆಂಡಿನವರು 1994ರಿಂದ ಹತ್ತು ವರ್ಷದ ಯೋಜನೆ ಹಾಕಿಕೊಂಡು ನರ್ಸುಗಳಿಗೆ, ಔಷಧಿ ಅಂಗಡಿಯವರಿಗೆ ಪಾಠ ಮಾಡಿ, ಉರಿಯೂತದ ಪಂಪನ್ನು ಮೊದಲೇ ಹಿಡಿಸಿ, ಉಬ್ಬಸದವರು ಆಸ್ಪತ್ರೆಯಲ್ಲಿ ಕಳೆಯುವ ದಿನಗಳನ್ನು ಅರ್ಧಕ್ಕಿಂತ ಕೆಳಗಿಳಿಸಿದರು.

ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ಸಡಿಲಿಸುವ ಪಂಪು ಸೇದಿದರೂ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡಿ, ಕಷಾಯಕ್ಕೆ ನೀರಿಡಬೇಡಿ. ಹೊರಡಿ.

ಅವನಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಸಂಜೆಯಾಯಿತು. ಡಬ್ಬಿಯಲ್ಲಿ ಏನಿದೆ ಎಂದು ನನಗೆ ಹೇಳಲು ಬರುವುದಿಲ್ಲ, ಹೇಳಲು ಬಾರದ್ದನ್ನು ತಿನ್ನಬೇಡ ಎಂದೆ. ಅವನು ಒಪ್ಪಿದ. ವೈದ್ಯರು ಬರೆದುಕೊಟ್ಟ ಪಂಪನ್ನು ಅಂಗಿಯ ಜೇಬಿನಿಂದ ತೆಗೆದು ತೋರಿಸಿದ; ಸೇದುವ ಕ್ರಮ ನೋಡಿದೆ, ಉಸಿರು ಹಿಡಿಯುವುದನ್ನು ಮರೆಯುತ್ತಿದ್ದ, ಹತ್ತು ಎಣಿಸುವವರೆಗೆ ಹಿಡಿಯಲು ಹೇಳಿ ಎರಡು ಸಲ ಅಭ್ಯಾಸ ಮಾಡಿಸಿದೆ. 1987ರ ಪ್ರಯೋಗದ ವಿಷಯವನ್ನೂ ಎತ್ತಿದೆ. ಅವನಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲವೆಂದು ಹೇಳಿದ.

ಮೆಟ್ಟಿಲಿಳಿಯುವಾಗ ತಿರುಗಿ ನಿಂತು ಕೇಳಿದ: "ಸರ್, ಬಂಗಡೆ ತಿನ್ನಬಹುದಲ್ಲ?"

"ತಿನ್ನು ಮಾರಾಯ" ಎಂದೆ. ಡಬ್ಬಿಯನ್ನು ಅವನು ಮೇಜಿನ ಮೇಲೇ ಬಿಟ್ಟು ಹೋದ.